‘ಯಾರ ಮೂಲಕ ಬಂದ್ರಿ?’: ಹೊಸ ಫ್ಲ್ಯಾಟ್ ಕೊಳ್ಳುವಾಗ ನಿಮ್ಮ ಏಜೆಂಟ್ ಯಾರ ಕಡೆ

ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಥಣಿಸಂದ್ರ, ಕನಕಪುರ ರಸ್ತೆ, ಯಾವ ಕಡೆಯ ಸೇಲ್ಸ್ ಆಫೀಸಿಗೇ ಹೋಗಿ, ಕುಡಿಯಲು ನೀರು ಬರುವ ಮುಂಚೆ ಒಂದು ಪ್ರಶ್ನೆ ಬರುತ್ತದೆ: ‘ಸರ್, ಯಾರ ಮೂಲಕ ಬಂದ್ರಿ?’ ರಿಸೆಪ್ಷನ್‌ನಲ್ಲಿರುವವರು ಟ್ಯಾಬ್‌ನಲ್ಲಿ ನಿಮ್ಮ ಮೊಬೈಲ್ ನಂಬರ್ ಒತ್ತುತ್ತಾರೆ, ಒಟಿಪಿ ಬರುತ್ತದೆ, ನೀವು ಓದಿ ಹೇಳುತ್ತೀರಿ. ಮಾದರಿ ಫ್ಲ್ಯಾಟ್ ನೋಡಲು ನೀವು ಲಿಫ್ಟ್ ಹತ್ತುವ ಹೊತ್ತಿಗೆ, ಈ ಮಾರಾಟ ಕುದುರಿದರೆ ಕಮಿಷನ್ ಯಾರಿಗೆ ಹೋಗಬೇಕು ಎಂಬುದು ಬಿಲ್ಡರ್‌ನ ಸಾಫ್ಟ್‌ವೇರಿನಲ್ಲಿ ದಾಖಲಾಗಿ ಹೋಗಿರುತ್ತದೆ.

ಈ ವ್ಯವಹಾರದಲ್ಲಿ ಇದಕ್ಕೆ ಲೀಡ್ ಟ್ಯಾಗಿಂಗ್ ಎನ್ನುತ್ತಾರೆ. ನಿಮ್ಮ ನಂಬರ್ ಒಂದೋ ‘ಡೈರೆಕ್ಟ್’ ಎಂದು ಟ್ಯಾಗ್ ಆಗುತ್ತದೆ, ಇಲ್ಲವೇ ಒಬ್ಬ ಚಾನೆಲ್ ಪಾರ್ಟ್‌ನರ್ ಹೆಸರಿಗೆ. ಚಾನೆಲ್ ಪಾರ್ಟ್‌ನರ್ ಎಂದರೆ ಬಿಲ್ಡರ್ ಜತೆ ಒಪ್ಪಂದ ಮಾಡಿಕೊಂಡಿರುವ ಬ್ರೋಕರ್, ಆಡುಮಾತಿನಲ್ಲಿ ಸಿಪಿ. ಟ್ಯಾಗ್ ಎಷ್ಟು ದಿನ ಉಳಿಯುತ್ತದೆ ಎಂಬುದು ಒಬ್ಬೊಬ್ಬ ಬಿಲ್ಡರ್‌ಗೆ ಒಂದೊಂದು ರೀತಿ, ಒಂದರಿಂದ ಮೂರು ತಿಂಗಳು ಸಾಮಾನ್ಯ. ಅಷ್ಟರೊಳಗೆ ನೀವು ಬೇರೆ ಏಜೆಂಟರನ್ನು ಕರೆದುಕೊಂಡು ಹೋದರೆ ಅವರಿಗೆ ಬಿಲ್ಡರ್‌ನಿಂದ ಒಂದು ಪೈಸೆಯೂ ಹುಟ್ಟುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಯಾವುದೋ ಪೋರ್ಟಲ್‌ನಲ್ಲಿ ‘ಬೆಲೆ ನೋಡಿ’ ಎಂಬ ಬಟನ್ ಒತ್ತಿ ನಂಬರ್ ಕೊಟ್ಟಿದ್ದರೂ ಸಾಕು, ಟ್ಯಾಗ್ ಬಿದ್ದಿರುತ್ತದೆ. ಆಮೇಲೆ ಒಳ್ಳೆಯ ಏಜೆಂಟ್ ಸಿಕ್ಕಿದರೂ ‘ನಿಮ್ಮ ನಂಬರ್ ಬ್ಲಾಕ್ ಆಗಿದೆ’ ಎಂದು ಅವರು ಕೈ ತೊಳೆದುಕೊಳ್ಳುತ್ತಾರೆ.

ಆದ್ದರಿಂದ ಏಜೆಂಟರ ಜತೆ ಹೋಗುವುದೋ ಒಬ್ಬರೇ ಹೋಗುವುದೋ ಎಂಬುದನ್ನು ಮೊದಲ ಸೈಟ್ ವಿಸಿಟ್‌ಗೂ ಮುಂಚೆ, ಮೊದಲ ಫಾರಂ ತುಂಬುವುದಕ್ಕೂ ಮುಂಚೆ ತೀರ್ಮಾನಿಸಬೇಕು. ಈಗಾಗಲೇ ನಂಬರ್ ಕೊಟ್ಟಿದ್ದೀರಾದರೆ ಯಾವ ಯಾವ ಪ್ರಾಜೆಕ್ಟಿಗೆ ಎಂದು ಏಜೆಂಟರಿಗೆ ಮೊದಲೇ ಹೇಳಿಬಿಡಿ. ಮುಚ್ಚಿಟ್ಟರೆ ಕಮಿಷನ್ ಸಿಗದ ಪ್ರಾಜೆಕ್ಟಿನಲ್ಲಿ ಅವರ ಉತ್ಸಾಹ ಎರಡೇ ದಿನಕ್ಕೆ ಇಳಿಯುತ್ತದೆ, ಕಾರಣ ಏನೆಂದು ನಿಮಗೆ ಗೊತ್ತೂ ಆಗುವುದಿಲ್ಲ.

ದುಡ್ಡು ಎಲ್ಲಿಂದ ಬರುತ್ತದೆ, ಯಾವಾಗ ಬರುತ್ತದೆ

ಅಮೆರಿಕದಲ್ಲಿ ಕೊಳ್ಳುವವರ ಏಜೆಂಟ್ ಎಂಬುದು ಬೇರೆಯೇ ಕಸುಬು. ಮಾರುವವರಿಗೆ ಒಬ್ಬರು, ಕೊಳ್ಳುವವರಿಗೆ ಒಬ್ಬರು. 2024ರ ಆಗಸ್ಟ್ 17ರಿಂದ ಅಲ್ಲಿನ ರಿಯಲ್ಟರ್‌ಗಳ ರಾಷ್ಟ್ರೀಯ ಸಂಘದ ನಿಯಮ ಬದಲಾಗಿ, ಮನೆ ತೋರಿಸುವ ಮುಂಚೆಯೇ ಕೊಳ್ಳುವವರ ಜತೆ ಲಿಖಿತ ಕರಾರು ಮಾಡಿಕೊಂಡು ಫೀಸು ಎಷ್ಟೆಂದು ನಮೂದಿಸಬೇಕಾಗಿದೆ. ನಮ್ಮಲ್ಲಿ ಹಾಗೆ ಎರಡು ಜಾತಿ ಇಲ್ಲ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ದಲ್ಲಾಳಿ, ಮಧ್ಯವರ್ತಿ, ಡೀಲರ್ ಎಲ್ಲರನ್ನೂ ‘ರಿಯಲ್ ಎಸ್ಟೇಟ್ ಏಜೆಂಟ್’ ಎಂಬ ಒಂದೇ ವ್ಯಾಖ್ಯೆಯೊಳಗೆ ಸೇರಿಸಿದೆ. ಯಾರ ಪರ ಎಂಬುದನ್ನು ಅದು ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಬೆಂಗಳೂರಿನಲ್ಲಿ ‘ನಾವು ಬೈಯರ್ ಪರ’ ಎಂದು ಬೋರ್ಡು ಹಾಕಿಕೊಂಡವರೂ ಹೊಸ ಪ್ರಾಜೆಕ್ಟುಗಳಲ್ಲಿ ಬಹುಪಾಲು ಬಿಲ್ಡರ್ ಕೊಡುವ ಕಮಿಷನ್ ಮೇಲೆಯೇ ಬದುಕುವವರು. ‘ನೀವೇನೂ ಕೊಡಬೇಕಾಗಿಲ್ಲ ಸರ್’ ಎಂಬ ಮಾತಿನ ಅರ್ಥ ಅಷ್ಟೇ.

ಇದರಿಂದ ಏಜೆಂಟ್ ನಿಮ್ಮ ವಿರುದ್ಧ ಇದ್ದಾರೆ ಎಂದೇನೂ ಆಗುವುದಿಲ್ಲ. ಅವರ ಹಿತ ನಿಮ್ಮ ಹಿತದಿಂದ ಎಲ್ಲಿ ಕವಲೊಡೆಯುತ್ತದೆ ಎಂಬುದನ್ನು ಸರಿಯಾಗಿ ಗುರುತಿಸಿಕೊಳ್ಳಬೇಕು. ‘ಬೆಲೆ ಜಾಸ್ತಿಯಾದಷ್ಟೂ ಅವರಿಗೆ ಲಾಭ, ಅದಕ್ಕೇ ಚೌಕಾಶಿ ಮಾಡುವುದಿಲ್ಲ’ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಈ ಲೆಕ್ಕ ಅಷ್ಟು ಸರಿಯಿಲ್ಲ. ಕಮಿಷನ್ ಶೇ. 2 ಅಥವಾ 3 ಎಂದುಕೊಳ್ಳಿ. ನಿಮಗೆ 5 ಲಕ್ಷ ಇಳಿಸಿಕೊಟ್ಟರೆ ಏಜೆಂಟರಿಗೆ ಆಗುವ ನಷ್ಟ 10 ಅಥವಾ 15 ಸಾವಿರ. ವ್ಯಾಪಾರ ಮುರಿದು ಬೀಳುವುದಕ್ಕಿಂತ ಅದು ಎಷ್ಟೋ ವಾಸಿ. ಹಾಗಾಗಿ ಚೌಕಾಶಿಯಲ್ಲಿ ಅವರು ಸಾಮಾನ್ಯವಾಗಿ ನಿಮ್ಮ ಜತೆಯೇ ಇರುತ್ತಾರೆ.

ಕವಲು ಇರುವುದು ಬೇರೆ ಎರಡು ಕಡೆ. ಮೊದಲನೆಯದು ಪ್ರಾಜೆಕ್ಟಿನ ಆಯ್ಕೆ. ಎಲ್ಲ ಬಿಲ್ಡರ್‌ಗಳೂ ಒಂದೇ ದರ ಕೊಡುವುದಿಲ್ಲ. ಮಾರಾಟ ನಿಧಾನವಾದ ಕಡೆ ಕಮಿಷನ್ ಏರುತ್ತದೆ, ಜತೆಗೆ ಸ್ಲ್ಯಾಬ್ ಪದ್ಧತಿ ಇರುತ್ತದೆ: ಮೂರು ತಿಂಗಳಲ್ಲಿ ಇಷ್ಟು ಫ್ಲ್ಯಾಟ್ ಮಾರಿದರೆ ಮಾರಿದ ಎಲ್ಲದಕ್ಕೂ ಹೆಚ್ಚಿನ ದರ. ಸ್ಲ್ಯಾಬ್ ಮುಟ್ಟಲು ಒಂದೇ ಒಂದು ಫ್ಲ್ಯಾಟ್ ಬಾಕಿಯಿರುವ ಏಜೆಂಟ್ ನಿಮ್ಮನ್ನು ಎಲ್ಲಿಗೆ ಕರೆದೊಯ್ಯುತ್ತಾರೆ ಎಂದು ಊಹಿಸುವುದು ಕಷ್ಟವೇನಲ್ಲ. ಸಿಪಿ ಪದ್ಧತಿಯಲ್ಲೇ ಮಾರದ ಬಿಲ್ಡರ್‌ಗಳ ಪ್ರಾಜೆಕ್ಟುಗಳೂ, ಈಗಾಗಲೇ ಓಸಿ (ವಾಸಕ್ಕೆ ಅನುಮತಿ ನೀಡುವ ಪ್ರಮಾಣಪತ್ರ) ಬಂದು ಮೊದಲ ಕೊಳ್ಳುಗರು ಮಾರಲು ಇಟ್ಟಿರುವ ಮನೆಗಳೂ ಅವರ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ.

ಎರಡನೆಯದು ಸಮಯ. ಬಿಲ್ಡರ್ ಕಮಿಷನ್ ಬಿಡುಗಡೆ ಮಾಡುವುದು ಸಾಮಾನ್ಯವಾಗಿ ನೀವು ಶೇ. 10ರಿಂದ 20 ಕಟ್ಟಿ, ಅಗ್ರಿಮೆಂಟ್‌ಗೆ ಸಹಿ ಹಾಕಿದ ಮೇಲೆ. ಅಲ್ಲಿಗೆ ಏಜೆಂಟರ ಕೆಲಸ ಮುಗಿಯಿತು. ನಿಮ್ಮ ತಲೆನೋವು ಶುರುವಾಗುವುದು ಆಗ: ಮೂರು ನಾಲ್ಕು ವರ್ಷದ ಕಟ್ಟಡ ಕೆಲಸ, ವಿಳಂಬ, ಓಸಿ, ಹಸ್ತಾಂತರ, ಕ್ರಯಪತ್ರ, ಖಾತಾ. ‘ಈ ವಾರಾಂತ್ಯದವರೆಗೆ ಮಾತ್ರ ಈ ಬೆಲೆ’ ಎಂದು ಏಜೆಂಟ್ ಅವಸರಪಡಿಸುವುದರ ಹಿಂದೆ ಇರುವುದೂ ಇದೇ ವೇಳಾಪಟ್ಟಿ.

ರೇರಾ ನಿಮ್ಮ ಕೈಗೆ ಕೊಟ್ಟಿರುವುದು

ಏಜೆಂಟರ ನೋಂದಣಿ ಸಂಖ್ಯೆ ಕೇಳುವುದರಲ್ಲಿ ಸಂಕೋಚ ಬೇಡ. ಕರ್ನಾಟಕ ರೇರಾ ಪ್ರಾಧಿಕಾರ ಕೊಡುವ ಸಂಖ್ಯೆಯ ಮಧ್ಯದಲ್ಲಿ ಏಜೆಂಟರದ್ದಾದರೆ ‘ಎಜಿ’, ಪ್ರಾಜೆಕ್ಟಿನದಾದರೆ ‘ಪಿಆರ್’ ಎಂಬ ಅಕ್ಷರಗಳಿರುತ್ತವೆ. ರೇರಾ ವೆಬ್‌ಸೈಟಿನಲ್ಲಿ ಹುಡುಕಿ, ಹೆಸರು ತಾಳೆಯಾಗುತ್ತದೆಯೇ, ಅವಧಿ ಮುಗಿದಿದೆಯೇ ನೋಡಿ. ನೋಂದಣಿ ಸಂಸ್ಥೆಯ ಹೆಸರಿನಲ್ಲಿದ್ದು, ನಿಮ್ಮ ಜತೆ ಓಡಾಡುವವರು ಆ ಸಂಸ್ಥೆಗೆ ಲೀಡ್ ಕೊಡುವ ಮೂರನೆಯವರಾಗಿರುವುದು ಇಲ್ಲಿ ಮಾಮೂಲು. ಬಿಲ್ ಯಾರ ಹೆಸರಿನಲ್ಲಿ ಬರುತ್ತದೆ ಎಂದು ಕೇಳಿದರೆ ಗೊತ್ತಾಗುತ್ತದೆ. ನೋಂದಣಿ ಇಲ್ಲದೆ ಏಜೆಂಟ್ ಕೆಲಸ ಮಾಡಿದರೆ ಸೆಕ್ಷನ್ 62ರ ಪ್ರಕಾರ ದಿನಕ್ಕೆ 10,000 ರೂಪಾಯಿ ದಂಡ, ಮಾರಿದ ಆಸ್ತಿಯ ಬೆಲೆಯ ಶೇ. 5ರವರೆಗೆ.

ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಸೆಕ್ಷನ್ 10. ನೋಂದಣಿಯಾಗದ ಪ್ರಾಜೆಕ್ಟನ್ನು ಏಜೆಂಟ್ ಮಾರಿಸುವಂತಿಲ್ಲ. ಬುಕಿಂಗ್ ವೇಳೆ ಕೊಳ್ಳುವವರಿಗೆ ಸಲ್ಲಬೇಕಾದ ಎಲ್ಲ ಮಾಹಿತಿ, ದಾಖಲೆ ಸಿಗುವಂತೆ ನೋಡಿಕೊಳ್ಳುವುದು ಅವರ ಕರ್ತವ್ಯ. ಅಂದರೆ ‘ಡಾಕ್ಯುಮೆಂಟ್ ಬುಕಿಂಗ್ ಆದಮೇಲೆ ಕೊಡ್ತಾರೆ ಸರ್’ ಎಂಬ ಉತ್ತರ ಬಂದಾಗ ಸೆಕ್ಷನ್ 10ನ್ನು ಉಲ್ಲೇಖಿಸಿ ಒಂದು ಇಮೇಲ್ ಹಾಕಿ. ವಾಟ್ಸ್ಆ್ಯಪ್ ಸಂದೇಶಕ್ಕಿಂತ ಅದು ಬೇಗ ಕೆಲಸ ಮಾಡುತ್ತದೆ.

ಇನ್ನು ಇಒಐ ಎಂಬ ಚೆಕ್ಕು. ರೇರಾ ನಂಬರ್ ಬರುವ ಮುಂಚೆಯೇ ‘ಆಸಕ್ತಿ ತೋರಿಸಲು’ ಒಂದಷ್ಟು ದುಡ್ಡು, ವಾಪಸ್ ಸಿಗುತ್ತದೆ, ಮೊದಲು ಬಂದವರಿಗೆ ಒಳ್ಳೆಯ ಮನೆ ಎಂದು ಆಸೆ ಹುಟ್ಟಿಸುತ್ತಾರೆ. ನೋಂದಣಿಗೆ ಮುನ್ನ ಜಾಹೀರಾತು ಕೊಡುವುದು, ಬುಕಿಂಗ್‌ಗೆ ಆಹ್ವಾನಿಸುವುದು ಎರಡನ್ನೂ ಸೆಕ್ಷನ್ 3 ನಿಷೇಧಿಸಿದೆ. ನಿಮ್ಮ ಪರ ಎಂದು ಹೇಳಿಕೊಳ್ಳುವ ಏಜೆಂಟ್ ಇಂಥ ಚೆಕ್ ಕೊಡಿಸಲು ಬಂದರೆ, ಅವರ ಬಗ್ಗೆ ಬೇರೆ ವಿಚಾರಣೆ ಬೇಕಾಗುವುದಿಲ್ಲ.

ರೇರಾ ಪುಟದಲ್ಲಿ ಪ್ರಾಜೆಕ್ಟಿನ ಹೆಸರು ಕಂಡ ಕೂಡಲೇ ಮುಚ್ಚಿಬಿಡುವವರೇ ಹೆಚ್ಚು. ಒಳಗೆ ಹೋದರೆ ಮಂಜೂರಾದ ನಕ್ಷೆ, ಪ್ರತಿ ಮನೆಯ ಕಾರ್ಪೆಟ್ ಏರಿಯಾ, ಮುಗಿಸಬೇಕಾದ ದಿನಾಂಕ, ಅವಧಿ ವಿಸ್ತರಣೆ ಪಡೆದಿದ್ದರೆ ಅದು, ಮೂರು ತಿಂಗಳಿಗೊಮ್ಮೆ ಸಲ್ಲಿಸಬೇಕಾದ ಪ್ರಗತಿ ವರದಿ ಎಲ್ಲವೂ ಇರುತ್ತವೆ. ಸೇಲ್ಸ್ ಆಫೀಸಿನಲ್ಲಿ ‘2027ರ ಡಿಸೆಂಬರ್’ ಎಂದು ಹೇಳಿ, ರೇರಾದಲ್ಲೂ ಅಗ್ರಿಮೆಂಟಿನಲ್ಲೂ 2029 ಎಂದು ಬರೆದಿದ್ದರೆ ಬಿಲ್ಡರ್‌ಗೆ ಕಾನೂನಿನ ಬಿಸಿ ತಟ್ಟುವುದು 2029ರ ನಂತರ. ವಿಳಂಬವಾದರೆ ಸಿಗುವ ಬಡ್ಡಿ, ಅಂದರೆ ಎಸ್‌ಬಿಐನ ಗರಿಷ್ಠ ಎಂಸಿಎಲ್‌ಆರ್ (ಬ್ಯಾಂಕಿನ ಸಾಲದ ಮೂಲ ಬಡ್ಡಿ ದರ) ಮೇಲೆ ಶೇ. 2, ಲೆಕ್ಕಕ್ಕೆ ಬರುವುದು ಅಗ್ರಿಮೆಂಟಿನಲ್ಲಿ ಬರೆದ ದಿನಾಂಕದಿಂದ. ಬ್ರೋಶರಿನ ದಿನಾಂಕಕ್ಕೆ ಅಲ್ಲಿ ಕಿಮ್ಮತ್ತಿಲ್ಲ. ರೇರಾ ಆದೇಶ ಸಿಕ್ಕಿದರೂ ಹಣ ವಸೂಲಿಯಾಗುವುದು ಭೂಕಂದಾಯ ಬಾಕಿಯ ರೂಪದಲ್ಲಿ, ಜಿಲ್ಲಾಧಿಕಾರಿ ಕಚೇರಿಯ ಮೂಲಕ. ಅದು ವರ್ಷಗಟ್ಟಲೆ ಎಳೆಯುವ ಕೆಲಸ. ಆದ್ದರಿಂದ ಪರಿಹಾರವನ್ನು ನಂಬಿ ಕೊಳ್ಳುವುದಕ್ಕಿಂತ ಆ ಬಿಲ್ಡರ್ ಹಿಂದಿನ ಎರಡು ಪ್ರಾಜೆಕ್ಟುಗಳನ್ನು ಎಷ್ಟು ತಡವಾಗಿ ಮುಗಿಸಿದರು ಎಂದು ಅದೇ ವೆಬ್‌ಸೈಟಿನಲ್ಲಿ ನೋಡುವುದು ಮೇಲು.

9,500 ರೂಪಾಯಿ ಎಂಬ ಮಾತು

ಕಾಸ್ಟ್ ಶೀಟ್ ಬಿಡಿಸಿ ಹೇಳುವುದು ಏಜೆಂಟ್ ಮಾಡಬೇಕಾದ ಮೊದಲ ಕೆಲಸ. ಚದರಡಿಗೆ 9,500 ಎಂದು ಹೇಳಿದ, 1,550 ಚದರಡಿ ಸೂಪರ್ ಬಿಲ್ಟ್‌ಅಪ್ (ಕಾಮನ್ ಏರಿಯಾದ ಪಾಲೂ ಸೇರಿದ ಅಳತೆ) ಇರುವ ಮೂರು ಕೋಣೆಯ ಮನೆಯೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮೂಲ ಬೆಲೆ 1,47,25,000. ಎಂಟು ಮಹಡಿಗೆ, ಮಹಡಿಯೊಂದಕ್ಕೆ ಚದರಡಿಗೆ 25ರಂತೆ ಫ್ಲೋರ್ ರೈಸ್ 3,10,000. ಪೂರ್ವ ದಿಕ್ಕು, ಪಾರ್ಕಿನ ನೋಟ ಎಂದು ಚದರಡಿಗೆ 150ರಂತೆ ಪಿಎಲ್‌ಸಿ (ಒಳ್ಳೆಯ ಜಾಗದ ಹೆಚ್ಚುವರಿ ದರ) 2,32,500. ಕಾರ್ ಪಾರ್ಕಿಂಗ್ 5 ಲಕ್ಷ, ಕ್ಲಬ್ ಹೌಸ್ 3 ಲಕ್ಷ. ಬೆಸ್ಕಾಂ, ಜಲಮಂಡಳಿ ಬಾಬ್ತು ಚದರಡಿಗೆ 250ರಂತೆ 3,87,500. ಲೀಗಲ್ ಚಾರ್ಜ್ 50,000. ಅಲ್ಲಿಗೆ 1,65,05,000 ಆಯಿತು.

ಕಟ್ಟುತ್ತಿರುವ ಮನೆಯಾದ್ದರಿಂದ ಶೇ. 5 ಜಿಎಸ್‌ಟಿ, 8,25,250. ನೋಂದಣಿ ಖರ್ಚು ಇನ್ನೊಂದು: 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್ ಸೇರಿ ಶೇ. 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2. ಒಟ್ಟು ಶೇ. 7.6, ಅಂದರೆ ಇಡೀ ಮೊತ್ತದ ಮೇಲೆ ಲೆಕ್ಕ ಹಿಡಿದರೆ 12,54,380. ಒಂದು ವರ್ಷದ ಮೇಂಟೆನೆನ್ಸ್ ಮುಂಗಡ ತಿಂಗಳಿಗೆ ಚದರಡಿಗೆ 5 ರೂಪಾಯಿಯಂತೆ, ಶೇ. 18 ಜಿಎಸ್‌ಟಿ ಸೇರಿ 1,09,740. ಕಾರ್ಪಸ್ ಫಂಡ್ (ಮುಂದಿನ ದೊಡ್ಡ ದುರಸ್ತಿಗೆಂದು ಇಡುವ ನಿಧಿ) ಚದರಡಿಗೆ 50ರಂತೆ 77,500. ಎಲ್ಲ ಕೂಡಿಸಿದರೆ 1,87,71,870.

ಈಗ ಈ ಮನೆಯ ಕಾರ್ಪೆಟ್ ಏರಿಯಾ 1,050 ಚದರಡಿ ಎಂದುಕೊಂಡು ಭಾಗಿಸಿ. ಕಾಲಿಡಬಹುದಾದ ಒಂದು ಚದರಡಿಗೆ ಬೀಳುವುದು ಸುಮಾರು 17,878 ರೂಪಾಯಿ. ಎರಡು ಪ್ರಾಜೆಕ್ಟುಗಳನ್ನು ಹೋಲಿಸಬೇಕಾದದ್ದು ಈ ಅಂಕಿಯಲ್ಲಿ. ಚದರಡಿಗೆ 9,200 ಹೇಳುವ ಪಕ್ಕದ ಪ್ರಾಜೆಕ್ಟಿನಲ್ಲಿ ಕಾಮನ್ ಏರಿಯಾದ ಪಾಲು ಹೆಚ್ಚಿದ್ದರೆ ಅದೇ ದುಬಾರಿಯಾಗಿರಬಹುದು. ರೇರಾ ಪ್ರಕಾರ ಕಾರ್ಪೆಟ್ ಏರಿಯಾಕ್ಕೆ ಒಳಗೋಡೆಗಳು ಸೇರುತ್ತವೆ. ಹೊರಗೋಡೆ, ಡಕ್ಟ್, ಬಾಲ್ಕನಿ ಸೇರುವುದಿಲ್ಲ. ಬಾಲ್ಕನಿಯನ್ನೂ ಸೇರಿಸಿ ‘ಕಾರ್ಪೆಟ್’ ಎಂದು ಹೇಳುವ ಏಜೆಂಟರಿಗೆ ಒಂದೋ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೇ ಹೇಳುತ್ತಿದ್ದಾರೆ.

ಓಸಿ ಬಂದಮೇಲೆ ಬಿಲ್ಡರ್‌ನಿಂದ ಕೊಂಡರೆ ಮನೆಯ ಬೆಲೆಯ ಮೇಲೆ ಜಿಎಸ್‌ಟಿ ಇಲ್ಲ. ಮೇಲಿನ ಉದಾಹರಣೆಯಲ್ಲಿ 8 ಲಕ್ಷಕ್ಕೂ ಮಿಕ್ಕಿ ಉಳಿತಾಯ, ಮೇಲಾಗಿ ಕಟ್ಟುವ ಅವಧಿಯ ಬಾಡಿಗೆ ಮತ್ತು ಬಡ್ಡಿ ಎರಡೂ ಒಟ್ಟಿಗೆ ಕಟ್ಟುವ ಪಾಡೂ ಇಲ್ಲ. 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಗೆ ಶೇ. 1 ಟಿಡಿಎಸ್ ಹಿಡಿದು ಕಟ್ಟುವುದು ಕೊಳ್ಳುವವರ ಹೊಣೆ. ಪ್ರತಿ ಕಂತಿಗೂ ಹಿಡಿಯಬೇಕು. ಕೊನೆಗೆ ಒಂದೇ ಸಲ ನೋಡಿಕೊಳ್ಳೋಣ ಎಂದು ಬಿಟ್ಟವರಿಗೆ ಬಡ್ಡಿ, ತಡ ಶುಲ್ಕ ಸೇರಿ ನೋಟಿಸ್ ಬರುತ್ತದೆ.

ಚೌಕಾಶಿ ಎಲ್ಲಿ ನಡೆಯುತ್ತದೆ ಎಂಬುದು ಅನುಭವಿ ಏಜೆಂಟರಿಗೆ ಗೊತ್ತಿರುತ್ತದೆ. ಮೂಲ ದರವನ್ನು ಬಿಲ್ಡರ್ ಸುಲಭವಾಗಿ ಮುಟ್ಟುವುದಿಲ್ಲ. ಮುಟ್ಟಿದರೆ ಮೊದಲು ಕೊಂಡವರು ಜಗಳಕ್ಕೆ ಬರುತ್ತಾರೆ. ಫ್ಲೋರ್ ರೈಸ್, ಪಿಎಲ್‌ಸಿ, ಎರಡನೇ ಪಾರ್ಕಿಂಗ್, ಕ್ಲಬ್ ಶುಲ್ಕ, ಕಂತುಗಳ ಜೋಡಣೆ, ಇವು ಬಗ್ಗುವ ಜಾಗಗಳು. ಮಾರ್ಚ್ ಕೊನೆಯ ವಾರ ಹಾಗೂ ಪ್ರತಿ ತ್ರೈಮಾಸಿಕದ ಅಂಚು ಬಗ್ಗುವ ಹೊತ್ತು. ಸಿಕ್ಕ ರಿಯಾಯಿತಿ ಪರಿಷ್ಕೃತ ಕಾಸ್ಟ್ ಶೀಟಿನಲ್ಲಿ, ಬಿಲ್ಡರ್‌ನ ಸಹಿಯೊಂದಿಗೆ ಬರಬೇಕು. ಕೆಲವು ಏಜೆಂಟರು ತಮ್ಮ ಕಮಿಷನ್‌ನಲ್ಲಿ ಒಂದು ಪಾಲನ್ನು ಕ್ಯಾಶ್‌ಬ್ಯಾಕ್ ಎಂದು ವಾಪಸ್ ಕೊಡುವುದಾಗಿ ಹೇಳುತ್ತಾರೆ. ಬಿಲ್ಡರ್ ಜತೆಗಿನ ಅವರ ಒಪ್ಪಂದ ಬಹಳಷ್ಟು ಸಲ ಅದಕ್ಕೆ ಅವಕಾಶ ಕೊಡುವುದಿಲ್ಲ, ಹಾಗಾಗಿ ಅದು ಬಾಯಿಮಾತಿನಲ್ಲೇ ಉಳಿಯುತ್ತದೆ. ಕೈಗೆ ಬಂದರೆ ಸರಿ, ಬಜೆಟ್ಟಿನಲ್ಲಿ ಸೇರಿಸಿಕೊಳ್ಳಬೇಡಿ.

ಕಾಗದಪತ್ರ ಏಜೆಂಟರ ಕೆಲಸವಲ್ಲ

‘ನಾಲ್ಕು ಬ್ಯಾಂಕ್ ಅಪ್ರೂವ್ ಮಾಡಿದೆ, ಲೀಗಲ್ ಕ್ಲಿಯರ್’ ಎಂಬ ಮಾತಿಗೆ ಅರ್ಧ ಬೆಲೆ ಕೊಡಿ. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಸಾಲಕ್ಕೆ ಭದ್ರತೆ ಸಾಕೇ ಎಂದು. ನಿಮ್ಮ ಅಗ್ರಿಮೆಂಟಿನ ಷರತ್ತುಗಳು ಏಕಪಕ್ಷೀಯವಾಗಿವೆಯೇ ಎಂಬುದು ಅವರಿಗೆ ಸಂಬಂಧಿಸಿದ್ದಲ್ಲ. ವಕೀಲರನ್ನು ನೀವೇ ಗೊತ್ತುಮಾಡಿ, ನೀವೇ ಫೀಸು ಕೊಡಿ. ಏಜೆಂಟ್ ಸೂಚಿಸಿದವರು ಬೇಡ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ತುಂಬಾ ಪಾಲು ಜಂಟಿ ಅಭಿವೃದ್ಧಿ ಒಪ್ಪಂದದ, ಅಂದರೆ ಜೆಡಿಎ ಮೇಲೆ ಎದ್ದವು. ಜಮೀನು ಒಬ್ಬರದು, ಕಟ್ಟುವವರು ಇನ್ನೊಬ್ಬರು, ಮನೆಗಳನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ನಿಮ್ಮ ಮನೆ ಬಿಲ್ಡರ್ ಪಾಲಿನದೋ ಭೂಮಾಲೀಕರ ಪಾಲಿನದೋ ಎಂಬುದನ್ನು ಹಂಚಿಕೆ ಪತ್ರ ಹೇಳುತ್ತದೆ. ಭೂಮಾಲೀಕರ ಪಾಲಿನ ಮನೆ ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ, ಏಜೆಂಟರೂ ಅದನ್ನೇ ‘ಡೀಲ್’ ಎಂದು ತೋರಿಸುತ್ತಾರೆ. ತಪ್ಪೇನಿಲ್ಲ. ಆದರೆ ಹಣ ಯಾರ ಖಾತೆಗೆ ಹೋಗುತ್ತದೆ, ಕಂತುಗಳು ಕಟ್ಟಡದ ಪ್ರಗತಿಗೆ ತಕ್ಕಂತೆ ಇವೆಯೇ, ಬಿಲ್ಡರ್ ಒಪ್ಪಿಗೆದಾರರಾಗಿ ಸಹಿ ಹಾಕುತ್ತಾರೆಯೇ, ತಡವಾದರೆ ಹೊಣೆ ಯಾರದು ಎಂಬ ನಾಲ್ಕನ್ನೂ ಬಗೆಹರಿಸಿಕೊಳ್ಳದೆ ಮುಂದುವರಿದರೆ, ಓಸಿ ತಡವಾದಾಗ ಇಬ್ಬರೂ ಒಬ್ಬರ ಕಡೆ ಇನ್ನೊಬ್ಬರು ಬೆರಳು ತೋರಿಸುತ್ತಾರೆ.

ವಕೀಲರ ಕೈಗೆ ಸೇರಬೇಕಾದ ಕಡತ ಇಷ್ಟು: ಮೂಲಪತ್ರದಿಂದ ಇಂದಿನವರೆಗಿನ ಹಕ್ಕಿನ ಸರಣಿ, 30 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ), ಕೃಷಿ ಜಮೀನಾಗಿದ್ದರೆ ಪಹಣಿ ಮತ್ತು ಭೂಪರಿವರ್ತನೆ ಆದೇಶ, ಜೆಡಿಎ, ಜಿಪಿಎ (ಅಧಿಕಾರ ಪತ್ರ), ಹಂಚಿಕೆ ಪತ್ರ, ಮಂಜೂರಾದ ನಕ್ಷೆ, ಕೆಲಸ ಆರಂಭಿಸುವ ಪ್ರಮಾಣಪತ್ರ, ಪ್ರಾಜೆಕ್ಟಿನ ಮೇಲೆ ಬಿಲ್ಡರ್ ಎತ್ತಿದ ಸಾಲದ ವಿವರ ಹಾಗೂ ನಿಮ್ಮ ಫ್ಲ್ಯಾಟಿಗೆ ಆ ಸಂಸ್ಥೆಯ ನಿರಾಕ್ಷೇಪಣಾ ಪತ್ರ. ಸರ್ವೆ ನಕ್ಷೆಯಲ್ಲಿ ರಾಜಕಾಲುವೆ, ಕೆರೆಯಂಚು ಎಲ್ಲಿ ಹಾದುಹೋಗಿದೆ ಎಂಬುದನ್ನು ಪ್ರತ್ಯೇಕವಾಗಿ ಕೇಳಿ. ಬೆಳ್ಳಂದೂರು, ಮಹದೇವಪುರ, ಯಲಹಂಕದ ಕಡೆ ಮಳೆಗಾಲದಲ್ಲಿ ನೆಲಮಾಳಿಗೆಯಲ್ಲಿ ನೀರು ನಿಂತ ಅಪಾರ್ಟ್‌ಮೆಂಟುಗಳನ್ನು ನೋಡಿದವರಿಗೆ ಇದರ ಕಾರಣ ವಿವರಿಸಬೇಕಾಗಿಲ್ಲ.

ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣವನ್ನು ನೋಂದಾಯಿತ ಅಗ್ರಿಮೆಂಟ್ ಇಲ್ಲದೆ ಬಿಲ್ಡರ್ ಪಡೆಯುವಂತಿಲ್ಲ ಎಂದು ಸೆಕ್ಷನ್ 13 ಹೇಳುತ್ತದೆ. ಇಲ್ಲಿ ‘ನೋಂದಾಯಿತ’ ಎಂಬುದನ್ನು ಜಾರಿಸಿಬಿಡುವುದು ಹಳೆಯ ಚಾಳಿ. ಸ್ಟ್ಯಾಂಪ್ ಪೇಪರಿನ ಮೇಲೆ ಬರೆದು ಸಹಿ ಹಾಕಿಸಿ, ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗದೆಯೇ ಮುಂದಿನ ಕಂತು ಕೇಳುತ್ತಾರೆ. ಜಾಗಕ್ಕೊಂದು, ಕಟ್ಟಡಕ್ಕೊಂದು ಎಂದು ಎರಡು ಅಗ್ರಿಮೆಂಟ್ ಕೊಟ್ಟರೆ ಏಕೆಂದು ವಕೀಲರಿಂದಲೇ ಕೇಳಿಸಿ. ನಗರ ಪಾಲಿಕೆಗಳ ವ್ಯಾಪ್ತಿಯಲ್ಲಿ ಈಗ ಇ-ಖಾತಾ ಇಲ್ಲದೆ ಕ್ರಯಪತ್ರ ನೋಂದಣಿಯಾಗುವುದಿಲ್ಲ. ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ ಐದು ಪಾಲಿಕೆಗಳು ಬಂದಿವೆ. ನಿಮ್ಮ ಪ್ರಾಜೆಕ್ಟಿನ ಕಡತ ಯಾವ ಪಾಲಿಕೆಯಲ್ಲಿದೆ, ಫ್ಲ್ಯಾಟುವಾರು ಖಾತಾ ಆಗಿದೆಯೇ ಎಂದು ವಿಚಾರಿಸುವುದು ಏಜೆಂಟರಿಗೆ ಒಪ್ಪಿಸಬಹುದಾದ ಓಡಾಟದ ಕೆಲಸ.

ರೇರಾ ಇಲ್ಲದ ಹೊಸ ಮನೆ

ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಮನೆಗಳು ಎಂಟು ಮೀರದಿದ್ದರೆ ರೇರಾ ನೋಂದಣಿ ಕಡ್ಡಾಯವಲ್ಲ. ಎಚ್‌ಎಸ್‌ಆರ್, ಹೊರಮಾವು, ರಾಜರಾಜೇಶ್ವರಿ ನಗರದಲ್ಲಿ 30×40, 40×60 ಸೈಟುಗಳ ಮೇಲೆ ಏಳುವ ‘ಬ್ರ್ಯಾಂಡ್ ನ್ಯೂ’ ಮನೆಗಳು ಈ ಗುಂಪಿನವು. ಇಲ್ಲಿ ಬ್ರೋಕರ್ ಸಾಮಾನ್ಯವಾಗಿ ಎರಡೂ ಕಡೆಯಿಂದ ಕಮಿಷನ್ ಕೇಳುತ್ತಾರೆ. ಕೊಳ್ಳುವವರಿಗೆ ಸ್ವತಂತ್ರ ಸಲಹೆ ಅತಿ ಹೆಚ್ಚು ಬೇಕಾಗಿರುವುದೂ ಇಲ್ಲೇ, ಅತಿ ಕಡಿಮೆ ಸಿಗುವುದೂ ಇಲ್ಲೇ.

ಮಂಜೂರಾತಿ ಪಡೆದದ್ದು ನೆಲಮಹಡಿ ಮತ್ತು ಎರಡು ಅಂತಸ್ತಿಗೆ, ಕಟ್ಟಿದ್ದು ನಾಲ್ಕು ಅಂತಸ್ತು. ಪಕ್ಕಕ್ಕೆ ಬಿಡಬೇಕಾದ ಜಾಗದಲ್ಲಿ ಬಾಲ್ಕನಿ. ಇಂಥ ಕಟ್ಟಡಕ್ಕೆ ಓಸಿ ಬರುವುದಿಲ್ಲ. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಓಸಿ ಅಥವಾ ಪೂರ್ಣಗೊಂಡ ಪ್ರಮಾಣಪತ್ರ ನೋಡಿಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಅದನ್ನು ಪರಿಶೀಲಿಸಿಯೇ ಸಾಲ ಕೊಡಬೇಕು ಎಂದಿತು. ಆಮೇಲೆ ಬೆಸ್ಕಾಂ ಓಸಿ ಇಲ್ಲದ ಕಟ್ಟಡಗಳಿಗೆ ಕಾಯಂ ಸಂಪರ್ಕ ನಿಲ್ಲಿಸಿದ್ದರಿಂದ ನಗರದಲ್ಲಿ ಎಷ್ಟೋ ಹೊಸ ಮನೆಗಳು ತಾತ್ಕಾಲಿಕ ಸಂಪರ್ಕದ ದುಬಾರಿ ಬಿಲ್ಲಿನ ಮೇಲೆ ನಿಂತವು. 1,200 ಚದರಡಿವರೆಗಿನ ಸೈಟುಗಳಿಗೆ ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟಿದೆಯಾದರೂ ಅದಕ್ಕೂ ಅಂತಸ್ತಿನ ಮಿತಿ ಇದೆ. ಮೀಟರ್ ಬೋರ್ಡಿನ ಮುಂದೆ ನಿಂತು ‘ಇದು ಟೆಂಪರರಿಯೋ ಪರ್ಮನೆಂಟೋ, ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಯಾವುದು’ ಎಂದು ಕೇಳಿ. ಬ್ರೋಕರ್ ತಡವರಿಸಿದರೆ ಇಟಾಲಿಯನ್ ಮಾರ್ಬಲ್ ನೋಡಲು ಮೇಲೆ ಹತ್ತುವ ಶ್ರಮ ಬೇಡ.

ಕೀಲಿ ಕೈಗೆ ಬರುವ ಹಿಂದಿನ ವಾರ

ಓಸಿ ಬಂದ ಎರಡು ತಿಂಗಳೊಳಗೆ ಸ್ವಾಧೀನ ಪಡೆಯುವುದು ಕೊಳ್ಳುವವರ ಕರ್ತವ್ಯ ಎಂದು ಕಾಯ್ದೆ ಹೇಳುತ್ತದೆ. ಬಿಲ್ಡರ್ ಇದನ್ನೇ ಮುಂದಿಟ್ಟು ‘ಹದಿನೈದು ದಿನದಲ್ಲಿ ತೆಗೆದುಕೊಳ್ಳಿ, ಇಲ್ಲದಿದ್ದರೆ ಮೇಂಟೆನೆನ್ಸ್ ಶುರು’ ಎನ್ನುತ್ತಾರೆ. ಅವಸರ ಬೇಡ. ನೀರು ನಿಲ್ಲಿಸಿ ನೋಡುವುದೊಂದನ್ನು ಬಿಟ್ಟರೆ ಪರೀಕ್ಷೆಗೆ ಅರ್ಧ ದಿನ ಸಾಕು. ಸ್ವತಂತ್ರ ಇನ್ಸ್‌ಪೆಕ್ಷನ್ ಮಾಡುವವರನ್ನು ಕರೆಸಬಹುದು, ಇಲ್ಲವೇ ಒಂದು ಬಕೆಟ್, ಟೇಪು, ನಾಣ್ಯ, ಮೊಬೈಲ್ ಚಾರ್ಜರ್ ಹಿಡಿದು ನೀವೇ ಹೋಗಬಹುದು.

ಬಾತ್‌ರೂಮಿನಿಂದ ಶುರು ಮಾಡಿ, ಹೊಸ ಮನೆಯ ಅರ್ಧ ಜಗಳ ಅಲ್ಲಿಯದು. ಬಾಗಿಲ ಬಳಿ ಒಂದು ಬಕೆಟ್ ನೀರು ಸುರಿಯಿರಿ. ನೀರು ಜಾಲರಿಯ ಕಡೆ ಹರಿಯಬೇಕು, ಐದು ನಿಮಿಷದ ನಂತರ ಮೂಲೆಯಲ್ಲಿ ಮಡುಗಟ್ಟಿರಬಾರದು. ಇಳಿಜಾರು ತಪ್ಪಿದ್ದರೆ ಸರಿಪಡಿಸಲು ಟೈಲ್ಸ್ ಕಿತ್ತೇ ಆಗಬೇಕು. ಒಳಗೆ ವಾಸ ಶುರುವಾದ ಮೇಲೆ ಅದನ್ನು ಯಾರೂ ಮಾಡಿಕೊಡುವುದಿಲ್ಲ. ಜಾಲರಿಗೆ ಬಟ್ಟೆ ತುರುಕಿ ಒಂದೆರಡು ಇಂಚು ನೀರು ನಿಲ್ಲಿಸಿ, 24 ಗಂಟೆ ಬಿಟ್ಟು ಕೆಳಗಿನ ಮನೆಯ ಸೀಲಿಂಗ್ ನೋಡಿ ಬನ್ನಿ. ತೇವ ಕಂಡರೆ ವಾಟರ್‌ಪ್ರೂಫಿಂಗ್ ಹೋಗಿದೆ. ಮೇಲಿನ ಮನೆಯಲ್ಲೂ ಇದನ್ನೇ ಮಾಡಿಸಲು ಸೈಟ್ ಎಂಜಿನಿಯರ್‌ಗೆ ಹೇಳಿ, ಏಕೆಂದರೆ ಸೋರುವುದು ನಿಮ್ಮ ತಲೆಯ ಮೇಲೆ.

ನೆಲದ ಟೈಲ್ಸ್ ಮೇಲೆ ನಾಣ್ಯದಿಂದ ತಟ್ಟುತ್ತಾ ಹೋದರೆ ಗಟ್ಟಿ ಸದ್ದಿನ ನಡುವೆ ಪೊಳ್ಳು ಸದ್ದು ಬರುವ ಕಡೆ ಕೆಳಗೆ ಗಾರೆ ಕೂತಿಲ್ಲ ಎಂದರ್ಥ. ಭಾರದ ಬೀರು ಇಟ್ಟ ದಿನ ಅದು ಒಡೆಯುತ್ತದೆ. ಕೋಣೆಯ ಮೂಲೆ ನೇರವಾಗಿದೆಯೇ ನೋಡಲು ಒಂದು ಗೋಡೆಯಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತು ಹಾಕಿ. ಎರಡು ಗುರುತುಗಳ ನಡುವಿನ ಅಂತರ 5 ಅಡಿ ಇರಬೇಕು. ವಾರ್ಡ್‌ರೋಬ್ ಕೂರಿಸುವ ಗೋಡೆಯಲ್ಲಿ ಅರ್ಧ ಇಂಚು ತಪ್ಪಿದರೂ ಬಡಗಿ ಬಂದಾಗ ಗೊತ್ತಾಗುತ್ತದೆ. ವಿದ್ಯುತ್ ಬೋರ್ಡಿನಲ್ಲಿ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದರೆ ಸ್ವಿಚ್ ತಟ್ಟನೆ ಬೀಳಬೇಕು. ಬೀಳದಿದ್ದರೆ ಶಾಕ್‌ನಿಂದ ಕಾಪಾಡಬೇಕಾದ ಸಾಧನ ಅಲ್ಲಿ ಅಲಂಕಾರಕ್ಕೆ ಕೂತಿದೆ. ಪ್ರತಿ ಪ್ಲಗ್ಗಿಗೂ ಚಾರ್ಜರ್ ಹಾಕಿ ನೋಡಿ, ಕಿಟಕಿಯ ಹಳಿಯಲ್ಲಿ ನೀರು ಹೊರಹೋಗುವ ತೂತು ಸಿಮೆಂಟಿನಿಂದ ಮುಚ್ಚಿದೆಯೇ ನೋಡಿ. ಕಾರ್ಪೆಟ್ ಏರಿಯಾ ಅಳೆದು ಅಗ್ರಿಮೆಂಟಿನ ಅಂಕಿಗೆ ಹೋಲಿಸಿ.

ಸಿಕ್ಕಿದ ಲೋಪಗಳನ್ನೆಲ್ಲ ಫೋಟೊ ಸಮೇತ ಇಮೇಲ್ ಮಾಡಿ, ಸರಿಯಾದ ಮೇಲೆ ಎರಡನೇ ಸಲ ನೋಡಿ, ಆಮೇಲೆ ಸ್ವಾಧೀನ ಪತ್ರಕ್ಕೆ ಸಹಿ ಹಾಕಿ. ‘ಎಲ್ಲವೂ ತೃಪ್ತಿಕರ’ ಎಂದು ಮುದ್ರಿತವಾದ ಸಾಲು ಆ ಪತ್ರದಲ್ಲಿದ್ದರೆ ಹೊಡೆದು ಹಾಕಿ ಬಾಕಿ ಪಟ್ಟಿ ಬರೆಯಿರಿ. ಸ್ವಾಧೀನದಿಂದ ಐದು ವರ್ಷದೊಳಗೆ ಕಟ್ಟಡದ ಅಥವಾ ಕಾಮಗಾರಿಯ ದೋಷ ತಿಳಿಸಿದರೆ 30 ದಿನದಲ್ಲಿ ಖರ್ಚಿಲ್ಲದೆ ಸರಿಪಡಿಸುವುದು ಬಿಲ್ಡರ್ ಹೊಣೆ ಎಂದು ಸೆಕ್ಷನ್ 14 ಹೇಳುತ್ತದೆ. ಆದರೆ ದೋಷ ಯಾವಾಗಿನದು ಎಂಬ ವಾದ ಹುಟ್ಟಿದಾಗ ನಿಮ್ಮ ಕಡೆ ಮಾತಾಡುವುದು ಆ ಇಮೇಲ್.

ನೀರಿನ ಬಗ್ಗೆ ಬ್ರೋಶರ್ ಓದಬೇಡಿ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಕಾವೇರಿ ಐದನೇ ಹಂತ 110 ಹಳ್ಳಿಗಳ ಪ್ರದೇಶಕ್ಕೆ ದಿನಕ್ಕೆ 775 ದಶಲಕ್ಷ ಲೀಟರ್ ತರುವ ಯೋಜನೆ; ನಿಮ್ಮ ಗೇಟಿಗೆ ಸಂಪರ್ಕ ಆಗಿದೆಯೇ, ವಾರಕ್ಕೆಷ್ಟು ದಿನ ಬಿಡುತ್ತಾರೆ ಎಂಬುದೇ ಬೇರೆ ಪ್ರಶ್ನೆ. ಅದೇ ಪ್ರಾಜೆಕ್ಟಿನ ಮೊದಲ ಹಂತದಲ್ಲಿ ವಾಸವಿರುವವರಿಂದ ಏಪ್ರಿಲ್ ತಿಂಗಳ ಟ್ಯಾಂಕರ್ ಬಿಲ್ ತರಿಸಲು ಏಜೆಂಟರಿಗೆ ಹೇಳಿ. ನಿಮ್ಮ ಪರ ಕೆಲಸ ಮಾಡುವವರೋ ಅಲ್ಲವೋ ಎಂಬುದಕ್ಕೆ ಇದೊಂದು ಅಗ್ಗದ ಪರೀಕ್ಷೆ.

ಏಜೆಂಟರ ಜತೆಗಿನ ಕರಾರು

ಎರಡು ಪುಟದ ಕರಾರು ಸಾಕು. 1872ರ ಭಾರತೀಯ ಕರಾರು ಕಾಯ್ದೆಯಡಿ ಒಬ್ಬರನ್ನು ನಿಮ್ಮ ಏಜೆಂಟ್ ಎಂದು ನೇಮಿಸಿಕೊಂಡರೆ, ಕೇಳಿದಾಗ ಲೆಕ್ಕ ಒಪ್ಪಿಸುವ ಹೊಣೆ ಅವರ ಮೇಲೆ ಬೀಳುತ್ತದೆ. ಬಾಯಿಮಾತಿನ ‘ನಾನಿದ್ದೀನಿ ಸರ್’ ಎಂಬ ಭರವಸೆಯ ಮೇಲೆ ಅದನ್ನು ಸಾಧಿಸುವುದು ಕಷ್ಟ.

ರೇರಾ ಸಂಖ್ಯೆ, ಯಾವ ಪ್ರದೇಶ, ಯಾವ ಬಜೆಟ್, ಎಷ್ಟು ದಿನದ ಅವಧಿ ಎಂಬುದನ್ನು ಬರೆದುಕೊಳ್ಳಿ. 60 ದಿನ ಸಾಕು, ಹಿಡಿಸದಿದ್ದರೆ ಬಿಟ್ಟುಬಿಡುವ ಅವಕಾಶ ಇರಲಿ. ಮುಖ್ಯವಾದದ್ದು ಫೀಸಿನ ಷರತ್ತು. ಶೇಕಡಾವಾರು ಬೇಡ, ನಿಗದಿತ ಮೊತ್ತ ಮಾತಾಡಿ. ಬಿಲ್ಡರ್‌ನಿಂದ ಬರುವ ಕಮಿಷನ್ ಎಷ್ಟೆಂದು ಪ್ರತಿ ಪ್ರಾಜೆಕ್ಟಿಗೂ ಲಿಖಿತವಾಗಿ ತಿಳಿಸಬೇಕು, ಅದನ್ನು ನಿಮ್ಮ ಫೀಸಿನಲ್ಲಿ ವಜಾ ಮಾಡಬೇಕು. ಉದಾಹರಣೆಯ ಮನೆಯಲ್ಲಿ ಮೂಲ ಬೆಲೆಯ ಶೇ. 2 ಎಂದರೆ 2,94,500, ಶೇ. 3 ಎಂದರೆ 4,41,750. ನೀವು 3 ಲಕ್ಷಕ್ಕೆ ಒಪ್ಪಿದ್ದರೆ ಬಹುಪಾಲು ನಿಮ್ಮ ಕೈಯಿಂದ ಏನೂ ಹೋಗುವುದಿಲ್ಲ. ಕಮಿಷನ್ ಕೊಡದ ಪ್ರಾಜೆಕ್ಟನ್ನೂ, ಮರುಮಾರಾಟದ ಮನೆಯನ್ನೂ ತೋರಿಸಲು ಅವರಿಗೆ ಹಿಂಜರಿಕೆಯೂ ಉಳಿಯುವುದಿಲ್ಲ, ಏಕೆಂದರೆ ಅಲ್ಲಿ ಫೀಸು ನಿಮ್ಮಿಂದ ಬರುತ್ತದೆ. ನೀವು ಕೊಡುವ ಹಣಕ್ಕೆ ಶೇ. 18 ಜಿಎಸ್‌ಟಿ ಸೇರಿಸಿದ ಬಿಲ್ ಕೇಳಿ.

ಎಲ್ಲ ಏಜೆಂಟರೂ ಇದಕ್ಕೆ ಒಪ್ಪುವುದಿಲ್ಲ. ಕಮಿಷನ್ ಎಷ್ಟೆಂದು ಹೇಳಲು ಒಪ್ಪದವರನ್ನು ಸಿಪಿ ಎಂದೇ ತಿಳಿದು, ಬೆಲೆ ವಿಚಾರಿಸಲು, ಖಾಲಿ ಮನೆಗಳ ಪಟ್ಟಿ ತರಿಸಲು ಬಳಸಿಕೊಳ್ಳಿ. ಅಷ್ಟರ ಮಟ್ಟಿಗೆ ಅವರೂ ಉಪಯೋಗದವರೇ. ಒಪ್ಪಿದವರಿಗೆ ಹಣವನ್ನು ನಾಲ್ಕು ಭಾಗ ಮಾಡಿ, ಮೊದಲ ಮೂರು ಹೀಗೆ: ನೋಂದಾಯಿತ ಅಗ್ರಿಮೆಂಟ್ ಆದಾಗ ಒಂದು, ಲೋಪಪಟ್ಟಿ ಸರಿಯಾಗಿ ಕೀಲಿ ಸಿಕ್ಕಾಗ ಒಂದು, ಕ್ರಯಪತ್ರ ನೋಂದಣಿಯಾದಾಗ ಒಂದು. ಬಿಲ್ಡರ್ ಕಮಿಷನ್ ಮೊದಲೇ ಅವರ ಕೈ ಸೇರಿದ್ದರೆ, ಕೊನೆಯ ಭಾಗದಷ್ಟು ಮೊತ್ತದ ಮುಂದಿನ ದಿನಾಂಕದ ಚೆಕ್ ಪಡೆದಿಟ್ಟುಕೊಳ್ಳಬಹುದು. ಆ ಕೊನೆಯ ಭಾಗ ಇ-ಖಾತಾ ನಿಮ್ಮ ಹೆಸರಿಗೆ ಬಂದ ದಿನ ಕೊಟ್ಟರೆ ಸಾಕು.